ಮನಸ್ಸಲ್ಲೇ ನಡೆದ ಹತ್ತು ಮೀಟರ್

ಮಗುವಿನ ಕಣ್ಣು ಮುಚ್ಚಿಸಿ, ‘ಈಗ ನೀನು ಮೇಲಕ್ಕೆ ಹಾರಿದ ಹಾಗೆ ಮನಸ್ಸಲ್ಲೇ ಮಾಡಿಕೋ. ಕಾಣ್ತದಾ?’ ಎಂದು ಕೇಳಿ ನೋಡಿ. ಹೆಚ್ಚಿನ ಮಕ್ಕಳು ಮಾತು ಮುಗಿಯುವ ಮೊದಲೇ ‘ಹೌದು ಟೀಚರ್, ಕಾಣ್ತದೆ’ ಎಂದುಬಿಡುತ್ತಾರೆ. ನಿಜಕ್ಕೂ ಕಂಡಿತೋ, ಟೀಚರಿಗೆ ಬೇಕಾದ ಉತ್ತರ ಇದೇ ಎಂದು ಹೇಳಿದ್ದೋ ಯಾರಿಗೆ ಗೊತ್ತು? ಮಕ್ಕಳ ತಲೆಯೊಳಗಿನ ಓಟ, ಹಾರಾಟ, ಕುಣಿತಗಳನ್ನು ಅಳೆಯಲು ಹೊರಟವರಿಗೆಲ್ಲ ಎದುರಾಗುವ ಮೊದಲ ತೊಡಕು ಇದು. ದಾಟುವ ದಾರಿಗಳೂ ಇವೆ. ಅವುಗಳಲ್ಲಿ ಹೆಚ್ಚಿನವಕ್ಕೆ ಒಂದು ಮೊಬೈಲು, ಅಳತೆಯ ಟೇಪು, ನಾಲ್ಕು ಚಾಕ್‌ಪೀಸು ಇದ್ದರೆ ಸಾಕು.

ಕೈಕಾಲು ಅಲ್ಲಾಡಿಸದೆ ಒಂದು ಚಲನೆಯನ್ನು ಮನಸ್ಸಿನಲ್ಲೇ ನಡೆಸಿಕೊಳ್ಳುವುದಕ್ಕೆ ಚಲನಾ ಕಲ್ಪನೆ ಎನ್ನುತ್ತಾರೆ. ಉಡುಪಿ ಕಡೆಯ ಮಕ್ಕಳಿಗೆ ಇದು ಹೊಸ ವಿದ್ಯೆಯೇನಲ್ಲ. ಯಕ್ಷಶಿಕ್ಷಣ ಟ್ರಸ್ಟ್ ಇಲ್ಲಿನ ಪ್ರೌಢಶಾಲೆಗಳಲ್ಲಿ ನಡೆಸುವಂಥ ಯಕ್ಷಗಾನ ತರಗತಿಯ ಬಾಗಿಲಲ್ಲಿ ಸ್ವಲ್ಪ ಹೊತ್ತು ನಿಲ್ಲಿ. ಗುರುಗಳು ಬಾಯಿತಾಳ ಹೇಳುತ್ತಾರೆ, ಮುಂದಿನ ಸಾಲು ಹೆಜ್ಜೆ ಹಾಕುತ್ತದೆ. ಸರದಿ ಕಾಯುತ್ತ ಗೋಡೆಗೆ ಒರಗಿದವರಲ್ಲಿ ಒಬ್ಬ ತೊಡೆಯ ಮೇಲೆ ಎರಡು ಬೆರಳಿನಿಂದ ಅದೇ ಹೆಜ್ಜೆ ಇಡುತ್ತಿರುತ್ತಾನೆ. ಇನ್ನೊಬ್ಬಳ ಕತ್ತು ಮಾತ್ರ ತಾಳಕ್ಕೆ ಸರಿಯಾಗಿ ತಿರುಗುತ್ತಿರುತ್ತದೆ. ಮೂರನೆಯವನು ಸುಮ್ಮನೆ ಕಿಟಕಿಯಾಚೆ ನೋಡುತ್ತಿರುತ್ತಾನೆ. ಮೊದಲ ಇಬ್ಬರು ಒಳಗೊಳಗೇ ಕುಣಿಯುತ್ತಿದ್ದಾರೆ ಎಂದು ಧೈರ್ಯವಾಗಿ ಹೇಳಬಹುದು. ಆ ಮೂರನೆಯವನ ವಿಷಯ ಮಾತ್ರ ನೋಡಿದರೆ ತಿಳಿಯುವಂಥದ್ದಲ್ಲ. ಅವನೂ ಕುಣಿಯುತ್ತಿರಬಹುದು.

ಇದನ್ನು ಅಳೆದು ಆಗಬೇಕಾದ್ದೇನು? ನಿಜವಾಗಿ ಚಲಿಸುವಾಗ ಕೆಲಸ ಮಾಡುವ ಮೆದುಳಿನ ಹಲವು ಭಾಗಗಳು ಚಲನೆಯನ್ನು ಕಲ್ಪಿಸಿಕೊಳ್ಳುವಾಗಲೂ ಕೆಲಸ ಮಾಡುತ್ತವೆ. ಹಾಗಾಗಿ ಮನಸ್ಸಿನ ಅಭ್ಯಾಸ ದೇಹಕ್ಕೂ ಸ್ವಲ್ಪ ದಕ್ಕುತ್ತದೆ. 1983ರಲ್ಲಿ ಫೆಲ್ಟ್ಸ್ ಮತ್ತು ಲ್ಯಾಂಡರ್ಸ್ ಆವರೆಗಿನ ಅಧ್ಯಯನಗಳನ್ನು ಒಟ್ಟುಹಾಕಿ, ಏನೂ ಮಾಡದೆ ಕೂರುವುದಕ್ಕಿಂತ ಮನಸ್ಸಲ್ಲಿ ಅಭ್ಯಾಸ ಮಾಡುವುದು ಮೇಲು ಎಂದು ತೋರಿಸಿದರು. 1994ರಲ್ಲಿ ಡ್ರಿಸ್ಕೆಲ್ ಮತ್ತು ಸಂಗಡಿಗರು ಮತ್ತೆ ಲೆಕ್ಕ ಹಾಕಿದಾಗ ಅದೇ ಮಾತು ನಿಂತಿತು, ಜೊತೆಗೆ ಮೈ ಬಗ್ಗಿಸಿ ಮಾಡಿದ ಅಭ್ಯಾಸಕ್ಕೆ ಇದು ಸಮವಲ್ಲ ಎಂಬುದೂ. ಆದರೆ ಕಾಲಿಗೆ ಪ್ಲಾಸ್ಟರ್ ಹಾಕಿಸಿಕೊಂಡು ಮನೆಯಲ್ಲಿ ಕೂತ ಖೋಖೋ ಆಟಗಾರ್ತಿಗೆ, ಸೆರೆಬ್ರಲ್ ಪಾಲ್ಸಿಯಿಂದ ಒಂದು ಕೈ ಬಿಗಿಯಾಗಿರುವ ಮಗುವಿಗೆ, ಅಂಗಿಯ ಗುಂಡಿ ಹಾಕಲು ಎಂಟು ವರ್ಷವಾದರೂ ಒದ್ದಾಡುವ ಹುಡುಗನಿಗೆ ಈ ‘ಸ್ವಲ್ಪ’ವೂ ಬೇಕಾಗಬಹುದು. ಕೊಡುವ ಮೊದಲು ಆ ಮಗುವಿಗೆ ಚಲನೆಯನ್ನು ಕಲ್ಪಿಸಿಕೊಳ್ಳಲು ಬರುತ್ತದೆಯೇ ಎಂದು ನೋಡಿಕೊಳ್ಳಬೇಕು. ಬಾರದವರಿಗೆ ‘ಮನಸ್ಸಲ್ಲಿ ಹತ್ತು ಸಲ ಮಾಡು’ ಎಂದು ಮನೆಕೆಲಸ ಕೊಟ್ಟರೆ ಪ್ರಯೋಜನವಿಲ್ಲ.

ಗಡಿಯಾರದಿಂದ ಶುರು ಮಾಡಿ

ನನ್ನನ್ನು ಕೇಳಿದರೆ ಶಾಲೆಯಲ್ಲಿ ಮೊದಲು ಮಾಡಬೇಕಾದ್ದು ನಡಿಗೆಯ ಆಟ. ಫ್ರಾನ್ಸಿನ ದೆಸೆಟಿ, ಜನರೋ ಮುಂತಾದವರು 1989ರಲ್ಲಿ ದೊಡ್ಡವರಿಗೆ 5, 10, 15 ಮೀಟರ್ ದೂರದ ಗುರಿಗಳಿಗೆ ನಡೆಯಲು ಹೇಳಿದರು. ಆಮೇಲೆ ಅದೇ ದೂರವನ್ನು ನಿಂತಲ್ಲೇ ಮನಸ್ಸಿನಲ್ಲಿ ನಡೆಯಲು ಹೇಳಿದರು. ಎರಡಕ್ಕೂ ಹಿಡಿದ ಸಮಯ ಹೆಚ್ಚುಕಮ್ಮಿ ಒಂದೇ. ದೂರ ಹೆಚ್ಚಿದ ಹಾಗೆ ಮನಸ್ಸಿನ ನಡಿಗೆಯೂ ಉದ್ದವಾಯಿತು. ಅವರ ಇನ್ನೊಂದು ಫಲಿತಾಂಶ ತಮಾಷೆಯಾಗಿದೆ. ಬೆನ್ನಿಗೆ 25 ಕಿಲೋ ಭಾರ ಹೊರಿಸಿದಾಗ ನಿಜ ನಡಿಗೆಯ ಸಮಯ ಹೆಚ್ಚು ಬದಲಾಗಲಿಲ್ಲ, ಮನಸ್ಸಿನ ನಡಿಗೆ ಮಾತ್ರ ನಿಧಾನವಾಯಿತು.

ಮಕ್ಕಳಿಗೆ ಇದನ್ನು ಮಾಡಿಸುವುದು ಸುಲಭ. ಮೈದಾನದಲ್ಲಿ ಒಂದು ಗೆರೆ ಎಳೆಯಿರಿ, ಅಲ್ಲಿಂದ 5, 10, 15 ಮೀಟರಿಗೆ ಒಂದೊಂದು ಗುರುತು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನಮ್ಮ ಕಡೆ ಮೈದಾನದ ಮಾತೇ ಬೇಡ, ಶಾಲೆಯ ಜಗಲಿಯಲ್ಲೇ 3, 6, 9 ಮೀಟರ್ ಇಟ್ಟುಕೊಂಡರೂ ನಡೆಯುತ್ತದೆ. ದೂರ ಮೂರು ಬಗೆಯದಾಗಿರಬೇಕು, ಅಷ್ಟೇ. ಬೆಳಿಗ್ಗೆಯೇ ಮುಗಿಸಿ. ಬಿಸಿಯೂಟದ ಮೇಲೆ ಕಣ್ಣು ಮುಚ್ಚಲು ಹೇಳಿದರೆ ಮಗು ನಿಜವಾಗಿಯೂ ಮಲಗೀತು.

ಮಗು ಒಂದೊಂದು ದೂರವನ್ನೂ ತನ್ನ ಎಂದಿನ ನಡಿಗೆಯಲ್ಲಿ ಎರಡು ಮೂರು ಸಲ ನಡೆಯಲಿ. ಓಡಬಾರದು, ಗೆಳೆಯರು ಬದಿಯಲ್ಲಿ ನಿಂತು ‘ಬೇಗ, ಬೇಗ’ ಅನ್ನಬಾರದು. ಬಳಿಕ ಗೆರೆಯ ಮೇಲೆ ನಿಂತು ಗುರುತನ್ನು ಚೆನ್ನಾಗಿ ನೋಡಿ ಕಣ್ಣು ಮುಚ್ಚಲಿ. ಹೊರಡುವಾಗ ‘ಹೊರಟೆ’ ಎನ್ನಲಿ, ತಲುಪಿದಾಗ ‘ಮುಟ್ಟಿದೆ’ ಎನ್ನಲಿ. ಮೊಬೈಲಿನ ಸ್ಟಾಪ್‌ವಾಚ್ ನಿಮ್ಮ ಕೈಯಲ್ಲಿರಲಿ, ಮಗುವಿಗೆ ಕಾಣದ ಹಾಗೆ. ‘ಎಷ್ಟು ಸೆಕೆಂಡು ಆಯ್ತು ಸರ್?’ ಎಂದು ಕೇಳಿಯೇ ಕೇಳುತ್ತಾರೆ, ಎಲ್ಲ ಮುಗಿಯುವವರೆಗೆ ಹೇಳಬೇಡಿ. ದೂರಗಳ ಸರದಿಯನ್ನು ಕಲಸಿ ಕೊಡಿ. ಅರ್ಧದಷ್ಟು ಮಕ್ಕಳಿಗೆ ಮನಸ್ಸಿನ ನಡಿಗೆಯನ್ನು ಮೊದಲು ಮಾಡಿಸಿದರೆ, ಈಗಷ್ಟೇ ನಡೆದ ನೆನಪಿನಿಂದ ಬಂದ ಉತ್ತರ ಯಾವುದು ಎನ್ನುವುದೂ ಸ್ವಲ್ಪ ತಿಳಿಯುತ್ತದೆ.

ಈಗ ಅಂಕಿ ನೋಡೋಣ. ಮೂವರು ಮಕ್ಕಳು ಎಂದಿಟ್ಟುಕೊಳ್ಳಿ. ಮೂವರೂ ನಿಜವಾಗಿ ನಡೆದದ್ದು 5, 9, 14 ಸೆಕೆಂಡು. ಮೊದಲನೆಯವಳು ಮನಸ್ಸಲ್ಲಿ ನಡೆದದ್ದು 4, 8, 12. ಎರಡನೆಯವನು 9, 17, 26. ಮೂರನೆಯವನು 6, 5, 6. ಎರಡನೆಯವನು ತಡವಾಗಿ ತಲುಪುತ್ತಾನೆ ನಿಜ, ಆದರೆ ಅವನ ಸಮಯ ದೂರದ ಜೊತೆಗೇ ಬೆಳೆಯುತ್ತದೆ, ಅವನು ನಡೆಯುತ್ತಿದ್ದಾನೆ. ಗಮನ ಕೊಡಬೇಕಾದ್ದು ಮೂರನೆಯವನಿಗೆ. ಐದು ಮೀಟರಿಗೂ ಹದಿನೈದು ಮೀಟರಿಗೂ ಒಂದೇ ಸಮಯ ಹಿಡಿಯುವ ಮಗು ನಡೆದಿಲ್ಲ, ಸ್ವಲ್ಪ ಹೊತ್ತು ಕಾದು ‘ಮುಟ್ಟಿದೆ’ ಎಂದಿದೆ. ತಪ್ಪಿನ ಪ್ರಮಾಣ ಬೇಕೆಂದರೆ ಎರಡು ಸಮಯಗಳ ವ್ಯತ್ಯಾಸವನ್ನು ನಿಜ ಸಮಯದಿಂದ ಭಾಗಿಸಿ ನೂರರಿಂದ ಗುಣಿಸಿ. ಆದರೆ ಆ ಶೇಕಡಾವಾರು ಲೆಕ್ಕಕ್ಕಿಂತ ಮೂರು ಅಂಕಿಗಳು ಏರುತ್ತಿವೆಯೇ ಎನ್ನುವುದೇ ಹೆಚ್ಚು ಹೇಳುತ್ತದೆ.

ಸಣ್ಣವರ ಮಟ್ಟಿಗೆ ತಾಳ್ಮೆ ಇರಲಿ. ಫ್ರಾನ್ಸಿನಲ್ಲಿಯೇ 2008ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ 5 ವರ್ಷದವರ ನಿಜ ನಡಿಗೆಗೂ ಮನಸ್ಸಿನ ನಡಿಗೆಗೂ ಹೊಂದಾಣಿಕೆ ಕಾಣಲಿಲ್ಲ, 7 ವರ್ಷದವರಲ್ಲಿ ಅದು ಕಾಣಿಸಿಕೊಳ್ಳತೊಡಗಿತ್ತು. 7ರಿಂದ 12ರ ನಡುವೆ ಅದು ವರ್ಷದಿಂದ ವರ್ಷಕ್ಕೆ ಬಿಗಿಯಾಗುತ್ತ ಹೋಗುತ್ತದೆ. ಒಂದನೇ ಕ್ಲಾಸಿನ ಮಗು ಆರು, ಐದು, ಆರು ಅಂದರೆ ಗಾಬರಿ ಬೇಡ. ಆರನೇ ಕ್ಲಾಸಿನ ಮಗು ಪದೇ ಪದೇ ಹಾಗೆಯೇ ಅಂದರೆ ಬೇರೆ ಮಾತು.

ಇದರಲ್ಲಿಯೇ ಇನ್ನೊಂದು ಪಾಠಾಂತರವಿದೆ. ಒಂದೇ ಉದ್ದದ ಎರಡು ದಾರಿ ಬರೆಯಿರಿ, ಒಂದು ಮೂರಡಿ ಅಗಲ, ಇನ್ನೊಂದು ಪಾದ ಹಿಡಿಸುವಷ್ಟೇ. ಕಾರ್ಕಳದ ಹಳ್ಳಿ ಕಡೆಯ ಮಕ್ಕಳಿಗೆ ‘ಇದು ಮಾರ್ಗ, ಇದು ಗದ್ದೆಯ ಪುಣಿ’ ಎಂದರೆ ಹೆಚ್ಚು ವಿವರಿಸಬೇಕಾಗಿಲ್ಲ. ನಿಜವಾಗಿ ನಡೆಯುವಾಗ ಪುಣಿಯ ಮೇಲೆ ಎಲ್ಲರೂ ನಿಧಾನ. ಮನಸ್ಸಿನಲ್ಲಿಯೂ ನಿಧಾನವಾಗುವ ಮಗು ತನ್ನ ಕಾಲನ್ನು, ತೂಕವನ್ನು ಲೆಕ್ಕಕ್ಕೆ ಹಿಡಿದಿದೆ ಎಂದರ್ಥ. 1999ರಲ್ಲಿ ಆಸ್ಟ್ರೇಲಿಯಾದ ಮಾರಫ್ ಮತ್ತು ಸಂಗಡಿಗರು ಸಣ್ಣ ಗುರಿ, ದೊಡ್ಡ ಗುರಿಗಳಿಗೆ ಕೈಯಾಡಿಸುವ ಆಟದಲ್ಲಿ ಇದನ್ನೇ ನೋಡಿದರು. ಚಲನಾ ಸಮನ್ವಯದ ತೊಂದರೆ ಇರುವ ಮಕ್ಕಳು ನಿಜವಾಗಿ ಮಾಡುವಾಗ ಸಣ್ಣ ಗುರಿಗೆ ನಿಧಾನವಾಗುತ್ತಿದ್ದರು, ಕಲ್ಪಿಸಿಕೊಳ್ಳುವಾಗ ಮಾತ್ರ ಆ ಕ್ರಮ ತಪ್ಪುತ್ತಿತ್ತು.

ಎಡಗೈಯೋ ಬಲಗೈಯೋ

ಎರಡನೆಯ ದಾರಿ ಕೈಯ ಫೋಟೋಗಳದ್ದು. 1980ರ ದಶಕದಿಂದ ಲಾರೆನ್ಸ್ ಪಾರ್ಸನ್ಸ್ ಮುಂತಾದವರು ಬೆಳೆಸಿದ ವಿಧಾನ ಇದು. ಒಂದು ಕೈಯ ಫೋಟೋ ತೋರಿಸಿ ‘ಎಡವೋ ಬಲವೋ’ ಎಂದು ಕೇಳುವುದು. ಫೋಟೋವನ್ನು ತಿರುಗಿಸುತ್ತ ಹೋದ ಹಾಗೆ ಉತ್ತರ ಹೇಳಲು ಮಗು ತನಗೇ ತಿಳಿಯದೆ ತನ್ನ ಕೈಯನ್ನು ಮನಸ್ಸಿನಲ್ಲಿ ತಿರುಗಿಸಿ ನೋಡುತ್ತದೆ. ‘ಕಲ್ಪಿಸಿಕೋ’ ಎಂದು ಹೇಳಬೇಕಾಗಿಲ್ಲ, ಟೀಚರನ್ನು ಮೆಚ್ಚಿಸುವ ಉತ್ತರಕ್ಕೆ ಇಲ್ಲಿ ಜಾಗವೂ ಇಲ್ಲ. ಈ ಕಾರಣಕ್ಕೇ ನನಗೆ ಇದು ಇಷ್ಟ.

ಮಾಡುವುದು ಹೀಗೆ. ತರಗತಿಯ ಯಾವುದಾದರೂ ಮಗುವಿನ ಬಲಗೈಯ ಹಿಂಬದಿ ಮತ್ತು ಅಂಗೈಯ ಫೋಟೋ ತೆಗೆಯಿರಿ, ಬಳೆ, ದಾರ, ಮೆಹಂದಿ ಏನೂ ಇರಬಾರದು. ಮೊಬೈಲಿನಲ್ಲಿ ಅದನ್ನೇ ಕನ್ನಡಿಯಂತೆ ಮಗುಚಿದರೆ ಎಡಗೈಯಾಯಿತು. ನಾಲ್ಕನ್ನೂ ಬೆರಳು ಮೇಲೆ, ಕೆಳಗೆ, ಎಡಕ್ಕೆ, ಬಲಕ್ಕೆ ಇರುವಂತೆ ತಿರುಗಿಸಿದರೆ 16 ಚಿತ್ರ. ದಪ್ಪ ಕಾಗದದಲ್ಲಿ ಪ್ರಿಂಟ್ ಹಾಕಿಸಿ ಕಲಸಿಡಿ. ಮಗುವಿನ ಎರಡೂ ಕೈ ತೊಡೆಯ ಮೇಲೆ, ಮೇಲಿನಿಂದ ಒಂದು ಬೈರಾಸು ಹೊದಿಸಿ. ಕೈ ಕಂಡರೆ ತಿರುಗಿಸಿ ನೋಡಿಬಿಡುತ್ತಾರೆ.

ಇಲ್ಲೊಂದು ಎಚ್ಚರಿಕೆ. ಎಡ, ಬಲ ಎಂಬ ಹೆಸರಿನಲ್ಲೇ ಎಡವುವ ಮಕ್ಕಳು ಬಹಳ. ಅವರ ಕಲ್ಪನೆ ಸರಿಯಿದ್ದು ಹೆಸರು ತಪ್ಪಿದರೂ ನಿಮ್ಮ ಹಾಳೆಯಲ್ಲಿ ತಪ್ಪೆಂದೇ ಬೀಳುತ್ತದೆ. ಬಲ ಮೊಣಕೈಯ ಮೇಲೆ ಕೆಂಪು ದಾರ, ಎಡಕ್ಕೆ ಹಳದಿ ದಾರ ಕಟ್ಟಿ ‘ಕೆಂಪು ಕೈಯೋ ಹಳದಿ ಕೈಯೋ’ ಎಂದು ಕೇಳಿ. ಮನೆಯಲ್ಲಿ ತುಳು, ಕೊಂಕಣಿ, ಬ್ಯಾರಿ, ಶಾಲೆಯಲ್ಲಿ ಕನ್ನಡ ಅಥವಾ ಇಂಗ್ಲಿಷು ಇರುವ ಜಿಲ್ಲೆಯಲ್ಲಿ ಈ ಉಪಾಯ ಇನ್ನೂ ಹೆಚ್ಚು ಕೆಲಸಕ್ಕೆ ಬರುತ್ತದೆ.

ಎಷ್ಟು ಸರಿ ಎಂದು ಎಣಿಸಿದರೆ ಅರ್ಧ ಕೆಲಸ. ಹದಿನಾರರಲ್ಲಿ ಎಂಟು ಸರಿ ಬರಲು ಕಣ್ಣುಮುಚ್ಚಿ ಊಹಿಸಿದರೂ ಸಾಕು. ಯಾವುದು ತಪ್ಪಿತು, ಯಾವುದಕ್ಕೆ ತಡವಾಯಿತು ಎಂದು ಬರೆದಿಡಿ. ನಿಮ್ಮ ಬಲ ಅಂಗೈಯನ್ನು ಮೇಜಿನ ಮೇಲೆ ಕೆಳಮುಖವಾಗಿಟ್ಟು ಬೆರಳುಗಳನ್ನು ಎಡಕ್ಕೆ, ಅಂದರೆ ಮೈಯ ಕಡೆಗೆ ತಿರುಗಿಸಿ, ಸಲೀಸು. ಈಗ ಹೊರಕ್ಕೆ, ಬಲಕ್ಕೆ ತಿರುಗಿಸಿ. ಮಣಿಕಟ್ಟು ತಡೆಯುತ್ತದೆ. ಮನಸ್ಸಿನ ಕೈಯೂ ಇದೇ ತಡೆಗೆ ಸಿಕ್ಕುತ್ತದೆ. ಹೊರಕ್ಕೆ ತಿರುಗಿದ ಕೈಗಳಿಗೆ ಹೆಚ್ಚು ಹೊತ್ತು ತೆಗೆದುಕೊಳ್ಳುವ ಮಗು ತನ್ನ ದೇಹವನ್ನೇ ಬಳಸಿ ಯೋಚಿಸುತ್ತಿದೆ. ಒಳಕ್ಕೂ ಹೊರಕ್ಕೂ ಒಂದೇ ವೇಗದಲ್ಲಿ ಸರಿ ಉತ್ತರ ಹೇಳುವ ಮಗು ಬಹುಶಃ ಹೆಬ್ಬೆರಳು ಯಾವ ಕಡೆಗಿದೆ ಎಂಬ ಗುರುತು ಹಿಡಿದಿರಬೇಕು. ಜಾಣತನವೇ, ಆದರೆ ನಾವು ಅಳೆಯಹೊರಟದ್ದು ಅದನ್ನಲ್ಲ. 2005ರ ಒಂದು ಅಧ್ಯಯನದ ಪ್ರಕಾರ 5, 6 ವರ್ಷದ ಮಕ್ಕಳೂ ಈ ಆಟ ಆಡಬಲ್ಲರು, ಮತ್ತು ಆಗ ಅವರ ಸ್ವಂತ ಕೈ ಇರುವ ಭಂಗಿ ದೊಡ್ಡವರಿಗಿಂತ ಹೆಚ್ಚಾಗಿ ಅವರ ಉತ್ತರವನ್ನು ಎಳೆಯುತ್ತದೆ. ಹಾಗಾಗಿ ಬೈರಾಸಿನ ಕೆಳಗೆ ಎಲ್ಲ ಮಕ್ಕಳ ಕೈಯೂ ಒಂದೇ ರೀತಿ ಇರಲಿ, ಅಂಗೈ ಕೆಳಮುಖ.

ಪ್ರಶ್ನಾವಳಿಯ ಏಳು ಮೆಟ್ಟಿಲು

ಮೂರನೆಯದು ನೇರವಾಗಿ ಮಗುವನ್ನೇ ಕೇಳುವುದು. ಕೇಳಬಾರದೆಂದೇನೂ ಇಲ್ಲ, ಕೇಳುವ ಕ್ರಮ ಬೇಕು. ದೊಡ್ಡವರಿಗಾಗಿ 1980ರ ದಶಕದಿಂದ ಬೆಳೆದುಬಂದ ಚಲನಾ ಕಲ್ಪನೆಯ ಪ್ರಶ್ನಾವಳಿಯನ್ನು 7ರಿಂದ 12 ವರ್ಷದ ಮಕ್ಕಳಿಗೆ ಹೊಂದಿಸಿ ಕೆನಡಾದ ರೋಸ್ ಮಾರ್ಟಿನಿ ಮತ್ತು ಸಂಗಡಿಗರು 2016ರಲ್ಲಿ ಪ್ರಕಟಿಸಿದರು. ಎಂಐಕ್ಯು-ಸಿ ಎಂದು ಅದರ ಹೆಸರು. ಇರುವುದು ನಾಲ್ಕೇ ಚಲನೆ: ಒಂದು ಮೊಣಕಾಲು ಎತ್ತುವುದು, ಮೇಲಕ್ಕೆ ಹಾರುವುದು, ಬದಿಗೆ ಚಾಚಿದ ತೋಳನ್ನು ಮುಂದಕ್ಕೆ ತರುವುದು, ಸೊಂಟ ಬಗ್ಗಿಸಿ ಕಾಲ್ಬೆರಳು ಮುಟ್ಟುವುದು. ಪ್ರತಿಯೊಂದನ್ನೂ ಮಗು ಮೊದಲು ನಿಜವಾಗಿ ಮಾಡುತ್ತದೆ, ಮತ್ತೆ ಮೊದಲಿನ ಹಾಗೆ ನಿಂತು ಮನಸ್ಸಿನಲ್ಲಿ ಮಾಡುತ್ತದೆ, ಅದು ಎಷ್ಟು ಸುಲಭವಾಯಿತೋ ಕಷ್ಟವಾಯಿತೋ ಎಂದು 1ರಿಂದ 7ರೊಳಗೆ ಅಂಕ ಕೊಡುತ್ತದೆ. ಒಂದೊಂದು ಚಲನೆಗೂ ಮೂರು ಬಗೆಯ ಕಲ್ಪನೆ, ಒಟ್ಟು 12 ಪ್ರಶ್ನೆ.

ಮೂರು ಬಗೆ ಎಂದರೇನು ಎಂಬುದನ್ನು ಮಗುವಿಗೆ ಅರ್ಥಮಾಡಿಸುವಲ್ಲೇ ಈ ಪರೀಕ್ಷೆ ಗೆಲ್ಲುತ್ತದೆ ಅಥವಾ ಸೋಲುತ್ತದೆ. ‘ಬಾಹ್ಯ ದೃಶ್ಯ ಕಲ್ಪನೆ’ ಎಂದರೆ ನಾಲ್ಕನೇ ಕ್ಲಾಸಿನ ಮಗು ನಿಮ್ಮ ಮುಖ ನೋಡುತ್ತದೆ. ಹೀಗೆ ಹೇಳಬಹುದು: ‘ಅಮ್ಮ ಮೊಬೈಲಲ್ಲಿ ನಿನ್ನ ವಿಡಿಯೋ ತೆಗೆದಿದ್ದಾರೆ ಅಂತಿಟ್ಟುಕೋ. ಅದರಲ್ಲಿ ನೀನು ಹಾರುವುದು ಹೇಗೆ ಕಾಣ್ತದೆ?’ ಇದು ಹೊರಗಿನಿಂದ ನೋಡುವುದು. ‘ಈಗ ವಿಡಿಯೋ ಬೇಡ. ನೀನೇ ಹಾರುವಾಗ ನಿನ್ನ ಕಣ್ಣಿಗೆ ಎದುರಿನ ಗೋಡೆ, ನಿನ್ನ ಕೈ ಹೇಗೆ ಕಾಣ್ತದೆ?’ ಇದು ಒಳಗಿನಿಂದ ನೋಡುವುದು. ‘ಈಗ ನೋಡುವುದೇ ಬೇಡ. ಹಾರುವಾಗ ತೊಡೆ ಬಿಗಿಯಾಗ್ತದಲ್ಲ, ಕೆಳಗೆ ಬೀಳುವಾಗ ಪಾದಕ್ಕೆ ಗೊತ್ತಾಗ್ತದಲ್ಲ, ಅದು ಈಗ ಸಿಗ್ತದಾ?’ ಇದು ಮೈಯ ಅನುಭವ. ಮೂರನೆಯದು ಹೆಚ್ಚಿನವರಿಗೆ ಕಷ್ಟ, ದೊಡ್ಡವರಿಗೂ.

ಅಂಕ ಕೊಡುವುದನ್ನೂ ಕಲಿಸಬೇಕು. ಶಾಲೆಯಲ್ಲಿ ಅಂಕ ಎಂದರೆ ಹೆಚ್ಚಿದ್ದಷ್ಟು ಒಳ್ಳೆಯದು ಎಂದೇ ಅಭ್ಯಾಸ, ಎಲ್ಲದಕ್ಕೂ 7 ಹಾಕಿ ಪೆನ್ಸಿಲ್ ಕೆಳಗಿಡುತ್ತಾರೆ. ಏಳು ಮೆಟ್ಟಿಲಿನ ಚಿತ್ರ ಬರೆದು, ಮೊದಲು ಬೇರೆ ಸಂಗತಿಗಳಿಂದ ಆಡಿಸಿ: ಅಮ್ಮನ ಮುಖ ನೆನೆಸುವುದು ಎಷ್ಟನೇ ಮೆಟ್ಟಿಲು? ಕಳೆದ ವರ್ಷದ ಶಾಲಾ ಪ್ರವಾಸದ ಬಸ್ಸಿನ ಡ್ರೈವರಣ್ಣನ ಮುಖ? ಎರಡಕ್ಕೂ ಒಂದೇ ಮೆಟ್ಟಿಲು ಹೇಳುವ ಮಗುವಿಗೆ ಇನ್ನೂ ಆಟ ಅರ್ಥವಾಗಿಲ್ಲ. ‘ಕಾಣುವುದಿಲ್ಲ ಅಂದರೂ ಸರಿ, ಬೈಯುವುದಿಲ್ಲ’ ಎಂದು ಬಾಯಿಬಿಟ್ಟು ಹೇಳಿ.

ಇಂಗ್ಲಿಷಿನ ಪ್ರಶ್ನಾವಳಿಯನ್ನು ಮೊಬೈಲಿನಲ್ಲಿ ಅನುವಾದಿಸಿ ಹಂಚುವ ಯೋಚನೆ ಇದ್ದರೆ ಕೈಬಿಡಿ. ಇಂಥದ್ದನ್ನು ಇನ್ನೊಂದು ಭಾಷೆಗೆ ತರಲು ಇಬ್ಬರು ಬೇರೆಬೇರೆಯಾಗಿ ಅನುವಾದಿಸಿ, ಮೂಲ ನೋಡದವರು ಅದನ್ನು ಮತ್ತೆ ಇಂಗ್ಲಿಷಿಗೆ ತಿರುಗಿಸಿ, ತಜ್ಞರು ಹೋಲಿಸಿ, ಕೆಲವು ಮಕ್ಕಳ ಮೇಲೆ ಪ್ರಯೋಗಿಸಿ, ಒಂದೆರಡು ವಾರ ಬಿಟ್ಟು ಅದೇ ಮಕ್ಕಳಿಗೆ ಮತ್ತೆ ಕೊಟ್ಟು ಉತ್ತರ ನಿಲ್ಲುತ್ತದೆಯೇ ಎಂದು ನೋಡುವ ಪದ್ಧತಿಯಿದೆ. ಮಣಿಪಾಲದ ಫಿಸಿಯೋಥೆರಪಿ ವಿದ್ಯಾರ್ಥಿಗಳಿಗೆ ಇದು ಗೊತ್ತಿರುವುದೇ. ಕಾಪುವಿನ ಒಂದು ಶಾಲೆಯ ಪಿಟಿ ಮಾಸ್ಟ್ರಿಗೆ ಅಷ್ಟೆಲ್ಲ ಆಗುವ ಕೆಲಸವಲ್ಲ. ಅವರಿಗೆ ಗಡಿಯಾರ, ಕೈಯ ಚಿತ್ರ ಧಾರಾಳವಾಗಿ ಸಾಕು.

ಒಪ್ಪಿಗೆಯ ವಿಷಯ ಚಿಕ್ಕದಾಗಿ. ಆಟದ ಪಿರಿಯಡಿನಲ್ಲಿ ಆಡಿಸುವುದಾದರೂ ಮುಖ್ಯೋಪಾಧ್ಯಾಯರಿಗೆ ಹೇಳಿ, ಹೆತ್ತವರಿಗೆ ಒಂದು ಚೀಟಿ ಕಳಿಸಿ. ಸಂಶೋಧನೆ ಎಂದಾದರೆ ಸಂಸ್ಥೆಯ ನೈತಿಕ ಸಮಿತಿಯ ಅನುಮತಿ ಬೇಕೇ ಬೇಕು. ಐಸಿಎಂಆರ್‌ನ 2017ರ ಮಾರ್ಗಸೂಚಿಯಂತೆ ಹೆತ್ತವರ ಸಹಿಯ ಜೊತೆಗೆ 7ರಿಂದ 12 ವರ್ಷದ ಮಗುವಿನ ಬಾಯಿಮಾತಿನ ಸಮ್ಮತಿಯನ್ನೂ ಕೇಳಬೇಕು. ‘ನಂಗೆ ಬೇಡ’ ಎಂದ ಮಗುವನ್ನು ಬಿಟ್ಟುಬಿಡಬೇಕು.

ಅಂಕ ಬಂದ ಮೇಲೆ

ಮೂರೂ ಮಾಡಿಸಿದರೆ ಉತ್ತರಗಳು ಒಂದಕ್ಕೊಂದು ತಾಳೆಯಾಗದಿರುವುದನ್ನು ನೋಡುತ್ತೀರಿ. ಪ್ರಶ್ನಾವಳಿಯಲ್ಲಿ 7 ಕೊಟ್ಟುಕೊಂಡವಳು ಕೈಯ ಚಿತ್ರದಲ್ಲಿ ತಡಬಡಾಯಿಸಬಹುದು. ಒಂದು ಅಳೆಯುವುದು ಚಿತ್ರ ಎಷ್ಟು ಸ್ಪಷ್ಟ ಎಂದು, ಇನ್ನೊಂದು ಮನಸ್ಸಿನಲ್ಲಿ ಕೈಯನ್ನು ತಿರುಗಿಸಲು ಬರುತ್ತದೆಯೇ ಎಂದು, ಗಡಿಯಾರ ಅಳೆಯುವುದು ಮನಸ್ಸಿನ ಚಲನೆ ನಿಜದ ಲಯದಲ್ಲಿದೆಯೇ ಎಂದು. ಎಲ್ಲವನ್ನೂ ಕೂಡಿಸಿ ಒಂದೇ ಅಂಕ ಮಾಡುವ ಆಸೆಗೆ ಬೀಳಬೇಡಿ. ಎರಡು ಉತ್ತರ ಜಗಳವಾಡಿದರೆ ನಾನು ಮಗುವಿನ ಬಾಯಿಗಿಂತ ಗಡಿಯಾರವನ್ನು ನಂಬುತ್ತೇನೆ.

ಕಣ್ಣು ಮುಚ್ಚಿದರೆ ಏನೂ ಕಾಣದವರು ಲೋಕದಲ್ಲಿದ್ದಾರೆ. 2015ರಲ್ಲಿ ಇಂಗ್ಲೆಂಡಿನ ನರತಜ್ಞ ಆಡಂ ಝೆಮನ್ ಅದಕ್ಕೆ ಅಫ್ಯಾಂಟೇಸಿಯಾ ಎಂದು ಹೆಸರಿಟ್ಟರು. ಅದು ರೋಗವಲ್ಲ, ಅಂಥವರಲ್ಲಿ ವಿಜ್ಞಾನಿಗಳೂ ಕಲಾವಿದರೂ ಇದ್ದಾರೆ. ಆದ್ದರಿಂದ ‘ನಿಮ್ಮ ಮಗಳಿಗೆ ಕಲ್ಪನಾಶಕ್ತಿ ಕಮ್ಮಿ’ ಎಂದು ಹೆತ್ತವರ ಸಭೆಯಲ್ಲಿ ಘೋಷಿಸುವ ಅಧಿಕಾರ ಈ ಯಾವ ಆಟವೂ ಯಾರಿಗೂ ಕೊಡುವುದಿಲ್ಲ. ಕೊಡುವುದು ಕಲಿಸುವ ದಾರಿಯ ಸುಳಿವನ್ನು. ಹೊರಗಿನಿಂದ ಚೆನ್ನಾಗಿ ಕಾಣುವ ಮಗುವಿಗೆ ಹೆಜ್ಜೆಯ ವಿಡಿಯೋ ತೋರಿಸಿ. ಮೈಯ ಅನುಭವ ಚೆನ್ನಾಗಿ ಸಿಗುವ ಮಗುವಿಗೆ ‘ತೂಕ ಯಾವ ಕಾಲ ಮೇಲೆ ಬಂತು?’ ಎಂದು ಕೇಳುತ್ತ ಕಲಿಸಿ. ಎರಡೂ ಬಾರದ ಮಗುವಿಗೆ ಕೈ ಹಿಡಿದು ಮಾಡಿಸಿ, ಮಾಡಿಸಿದ ಬೆನ್ನಿಗೇ ಕಣ್ಣು ಮುಚ್ಚಿಸಿ ಒಂದೇ ಒಂದು ಹೆಜ್ಜೆ ನೆನಪಿಸಿಕೊಳ್ಳಲು ಹೇಳಿ.

ಅಷ್ಟಮಿ ಹತ್ತಿರವಾದಾಗ ಉಡುಪಿಯ ಮಕ್ಕಳಿಗೆ ಇದರ ಅಭ್ಯಾಸಕ್ಕೆ ಬೇರೆ ಪಾಠವೇ ಬೇಡ. ಹುಲಿವೇಷದ ತಾಸೆಯ ಪೆಟ್ಟನ್ನು ಮೊಬೈಲಿನಲ್ಲಿ ಹಾಕಿ, ಇಪ್ಪತ್ತು ಸೆಕೆಂಡು ನಿಜವಾಗಿ ಕುಣಿಸಿ, ಅದೇ ಪೆಟ್ಟಿಗೆ ನಿಂತಲ್ಲೇ ಮನಸ್ಸಿನಲ್ಲಿ ಕುಣಿಸಿ, ನಡುವೆ ತಟ್ಟನೆ ನಿಲ್ಲಿಸಿ ‘ಈಗ ಯಾವ ಕಾಲು ಮುಂದೆ?’ ಎಂದು ಕೇಳಿ. ಇದನ್ನು ಅಳತೆ ಎನ್ನಬೇಡಿ, ಆಟವೆನ್ನಿ.

ಮುಂದೆ ಯಾರನ್ನು ಕಾಣಬೇಕು ಎಂಬುದು ಬೇರೆ ಲಕ್ಷಣಗಳ ಮೇಲೆ ನಿಂತಿದೆ. ಚಲನಾ ಸಮನ್ವಯದ ತೊಂದರೆ 5ರಿಂದ 11 ವರ್ಷದವರಲ್ಲಿ ಶೇ 5-8ರಷ್ಟು ಮಕ್ಕಳಿಗಿದೆ ಎಂದು ಅಮೆರಿಕದ ಮನೋವೈದ್ಯರ ಕೈಪಿಡಿ ಹೇಳುತ್ತದೆ, ಎಂದರೆ 40 ಮಕ್ಕಳ ತರಗತಿಗೆ ಇಬ್ಬರು ಮೂವರು. ಗುಂಡಿ, ಚಪ್ಪಲಿಯ ಪಟ್ಟಿ, ಚೆಂಡು ಹಿಡಿಯುವುದು, ಬರೆಯುವುದು ಎಲ್ಲದರಲ್ಲೂ ವಯಸ್ಸಿಗೆ ತಕ್ಕುದಕ್ಕಿಂತ ಹಿಂದಿರುವ ಮಗು, ಜೊತೆಗೆ ನಡಿಗೆಯ ಆಟದಲ್ಲಿ ಆರು-ಐದು-ಆರು ಎಂದರೆ ತೋರಿಸುವುದು ಒಳ್ಳೆಯದು. ನೇರ ಮಣಿಪಾಲದ ಬಸ್ಸು ಹತ್ತಬೇಕೆಂದಿಲ್ಲ. ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡ ವರ್ಷಕ್ಕೊಮ್ಮೆ ಸರ್ಕಾರಿ ಮತ್ತು ಅನುದಾನಿತ ಶಾಲೆಗಳಿಗೆ ತಪಾಸಣೆಗೆ ಬರಬೇಕಾದ್ದಿದೆ, ಆಗ ಹೇಳಿ. ಕ್ಷೇತ್ರ ಶಿಕ್ಷಣಾಧಿಕಾರಿ ಕಚೇರಿಯಲ್ಲಿ ವಿಚಾರಿಸಿದರೆ ವಿಶೇಷ ಅಗತ್ಯದ ಮಕ್ಕಳ ಸಂಪನ್ಮೂಲ ಶಿಕ್ಷಕರು, ಬಿಐಇಆರ್‌ಟಿ ಎನ್ನುತ್ತಾರೆ, ಸಿಗುತ್ತಾರೆ. ಅಲ್ಲಿಂದ ಮುಂದೆ ಬೇಕಾದರೆ ಮಣಿಪಾಲದಲ್ಲಿ ಮಕ್ಕಳ ಫಿಸಿಯೋಥೆರಪಿ, ಆಕ್ಯುಪೇಶನಲ್ ಥೆರಪಿ ಎರಡೂ ಇವೆ.

ಹೋಗುವಾಗ ಒಂದು ಹಾಳೆ ಒಯ್ಯಿರಿ. ಮಗುವಿನ ವಯಸ್ಸು ವರ್ಷ-ತಿಂಗಳಲ್ಲಿ, ಬರೆಯುವ ಕೈ ಯಾವುದು, ಮನೆಮಾತು ಯಾವುದು, ಮೂರು ದೂರಕ್ಕೆ ನಿಜವಾದ ಮತ್ತು ಮನಸ್ಸಿನ ಸಮಯ, ಯಾವ ಕೈಯ ಚಿತ್ರಗಳು ತಪ್ಪಿದವು, ಮಾಡಿಸಿದ ದಿನ ಮಗುವಿಗೆ ಶೀತ-ಜ್ವರ ಇತ್ತೇ. ‘ಚುರುಕಿಲ್ಲ’, ‘ಸೋಮಾರಿ’ ಎಂಬ ಮಾತುಗಳನ್ನು ಆ ಹಾಳೆಯಲ್ಲಿ ಬರೆಯಬೇಡಿ, ಥೆರಪಿಸ್ಟಿಗೆ ಅವುಗಳಿಂದ ಏನೂ ತಿಳಿಯುವುದಿಲ್ಲ.